ಮೂರು ಜೋಡಿ ಸ್ಪ್ರಿಂಗ್, ಒಂದು ಪ್ರೆಸ್

ನಮ್ಮ ಹಳೆಯ ಹ್ಯಾಚ್‌ಬ್ಯಾಕ್‌ನ ಮುಂದಿನ ಸ್ಪ್ರಿಂಗ್‌ಗಳು ಕೂತುಹೋಗಿದ್ದವು. ಬದಲಿಗೆ ತರಿಸಿಕೊಂಡದ್ದು ಮೂರು ಜೋಡಿ: ಕಾರು ಕಂಪನಿಯ ಅಸಲಿ, ಅದರ ಅರ್ಧ ಬೆಲೆಯ ಹೆಸರಿಲ್ಲದ ಹೊಸದು, ಗುಜರಿಯಿಂದ ಬಂದ ಹಳೆಯದು. ಗಟ್ಟಿಯೋ ಮೆದುವೋ ಎಂಬುದು ಆಮೇಲಿನ ಮಾತು. ಎಡದ್ದೂ ಬಲದ್ದೂ ಸಮ ಇವೆಯೇ ಎಂಬುದು ನನಗೆ ಮುಖ್ಯವಾಗಿತ್ತು. ಬೆಳಗಾವಿಯ ಉದ್ಯಮಬಾಗ್‌ನ ವರ್ಕ್‌ಶಾಪೊಂದರಲ್ಲಿ ಪ್ರೆಸ್‌ನ (ಅದುಮುವ ಯಂತ್ರದ) ಕೆಳಗೆ ತೂಕದ ಯಂತ್ರವಿಟ್ಟು ಅಳೆಯಲು ನಿಂತೆವು. "ಸ್ಪ್ರಿಂಗಿಗೂ ಜಾತಕ ಕೂಡಿಸುತ್ತೀರಾ ಸರ್?" ಎಂದು ಪ್ರೆಸ್ ನಡೆಸುವವರು ನಕ್ಕರು. ನಗುತ್ತಲೇ ಸುತ್ತ ಕಬ್ಬಿಣದ ಜಾಲರಿ ಕಟ್ಟಿದರು. ಅದುಮಿದ ಸ್ಪ್ರಿಂಗ್ ಜಾರಿದರೆ ಕೈಕಾಲು ಉಳಿಯುವುದಿಲ್ಲ.

ಹೊಸ ಸ್ಪ್ರಿಂಗ್ ಮೊದಲ ಒತ್ತಡಕ್ಕೆ ತುಸು ಕುಗ್ಗುವುದುಂಟು. ಆದ್ದರಿಂದ ಎಲ್ಲವನ್ನೂ ಒಮ್ಮೆ ಚೆನ್ನಾಗಿ ಅದುಮಿ ಬಿಟ್ಟು, ಬಳಿಕ 25 ಮಿ.ಮೀ. ಒತ್ತಲು ಎಷ್ಟು ತೂಕ ಬೇಕೆಂದು ಬರೆದುಕೊಂಡೆವು.

ಅಸಲಿಯದು 52 ಮತ್ತು 53 ಕಿಲೋ. ಉದ್ದವೂ ಕದಲಲಿಲ್ಲ. ಹೇಳುವುದಕ್ಕೆ ಹೆಚ್ಚೇನಿಲ್ಲ.

ಅಗ್ಗದ್ದು 55 ಮತ್ತು 50. ಬಣ್ಣ ಕೆರೆದು, ದಪ್ಪವನ್ನು ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಹಿಡಿದಾಗ ಗುಟ್ಟು ರಟ್ಟಾಯಿತು: ಒಂದರ ತಂತಿ 12 ಮಿ.ಮೀ., ಇನ್ನೊಂದರದು 11.7. ಸುರುಳಿಯ ಅಗಲ, ಸುತ್ತುಗಳ ಸಂಖ್ಯೆ ಒಂದೇ ಆಗಿದ್ದರೆ ಬಿಗಿತವು ತಂತಿಯ ದಪ್ಪದ ನಾಲ್ಕನೇ ಘಾತವನ್ನು (ದಪ್ಪ × ದಪ್ಪ × ದಪ್ಪ × ದಪ್ಪ) ಅನುಸರಿಸುತ್ತದೆ. ಕಣ್ಣಿಗೆ ಕಾಣದ ಈ ವ್ಯತ್ಯಾಸಕ್ಕೇ ಶೇ. 10ರಷ್ಟು ಬಿಗಿತ ಹೋಗುತ್ತದೆ. ಸಾಲದ್ದಕ್ಕೆ ಮೊದಲ ಒತ್ತಿಗೇ ಎರಡರಲ್ಲೊಂದು 3 ಮಿ.ಮೀ. ಗಿಡ್ಡವಾಗಿ ಹಾಗೆಯೇ ಉಳಿಯಿತು.

ನನ್ನನ್ನು ಬೆರಗಾಗಿಸಿದ್ದು ಗುಜರಿಯ ಜೋಡಿ. ಎರಡೂ ಸರಿಯಾಗಿ 52! ಆದರೆ ಅಸಲಿಗಿಂತ 10 ಮಿ.ಮೀ. ಗಿಡ್ಡ. ಸ್ಪ್ರಿಂಗ್ ಕೂತಾಗ ಕಳೆದುಕೊಳ್ಳುವುದು ಎತ್ತರವನ್ನು, ಬಿಗಿತವನ್ನಲ್ಲ; ತಂತಿಯೂ ಅದೇ, ಉಕ್ಕೂ ಅದೇ ತಾನೆ? ಸಮತೆಯೊಂದನ್ನೇ ನೋಡುವುದಾದರೆ ಮೊದಲ ಸ್ಥಾನ ಇದಕ್ಕೇ. ಕೆಳಗಿನ ಸುತ್ತಿನಲ್ಲಿ ತುಕ್ಕು ಕೊರೆದ ಕುಳಿಗಳಿದ್ದವು. ಬಿರುಕು ಹುಟ್ಟುವುದು ಅಂಥ ಕಡೆಯಲ್ಲೇ. ಚೋರ್ಲಾ ಘಾಟಿನ ತಿರುವುಗಳಲ್ಲಿ ಅದನ್ನು ನಂಬಿ ಇಳಿಯಲು ನನಗೆ ಧೈರ್ಯವಿಲ್ಲ. ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕಿ ಎತ್ತರಿಸಿ ಎಂದರು ಒಬ್ಬರು. ಅದು ಕೆಲವು ಸುತ್ತುಗಳ ಕೆಲಸ ಕಟ್ಟಿಹಾಕಿ ಉಳಿದವುಗಳ ಮೇಲೆ ಹೊರೆ ಹೇರುತ್ತದೆ. ಬೇಡವೆಂದೆ.

ಅಸಲಿಯನ್ನೇ ಹಾಕಿಸಿದೆ. ಸಮತಟ್ಟಾದ ನೆಲದಲ್ಲಿ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದರೆ ಎಡಬಲಕ್ಕೆ 2 ಮಿ.ಮೀ. ಅಂತರ. ಅಗ್ಗದ್ದನ್ನೇ ಕೊಳ್ಳುವವರು ರಾಶಿಯಿಂದ ಐದಾರನ್ನು ಒತ್ತಿ ನೋಡಿ ಸಮ ಬಂದ ಎರಡನ್ನು ಆರಿಸಲು ಬಿಡುವ ಅಂಗಡಿ ಹುಡುಕಲಿ. ನಾನು ಹೋದ ಅಂಗಡಿಯವರು ಒಪ್ಪಲಿಲ್ಲ.