ಪೆಂಟಾಕ್ಸ್ ಕೆ1000: ಬಾದಾಮಿಯ ಬೆಳಕಿನಲ್ಲಿ ಒಂದು ಹಳೆಯ ಕ್ಯಾಮೆರಾ

1976ರಲ್ಲಿ ಮಾರುಕಟ್ಟೆಗೆ ಬಂದ ಪೆಂಟಾಕ್ಸ್ ಕೆ1000 ಕ್ಯಾಮೆರಾವನ್ನು ಎರಡು ವರ್ಷಗಳಿಂದ ಬಾಗಲಕೋಟೆ ಜಿಲ್ಲೆಯ ಸುತ್ತಾಟದಲ್ಲಿ ಬಳಸುತ್ತಿದ್ದೇನೆ. ಫಿಲ್ಮಿಗೆ ಬೆಳಕು ಬಿಡಲು ತೆರೆದು ಮುಚ್ಚುವ ಇದರ ಶಟರ್ ಸಂಪೂರ್ಣ ಯಾಂತ್ರಿಕವಾದದ್ದು; ಬ್ಯಾಟರಿ ಬೇಕಾಗುವುದು ಬೆಳಕಿನ ಅಳತೆ ತೋರಿಸುವ ಮುಳ್ಳಿಗೆ ಮಾತ್ರ. ಬಾದಾಮಿಯ ಮೂರನೆಯ ಗುಹೆಯ ಪಡಸಾಲೆಯಲ್ಲಿ ನಿಂತು, 50 ಮಿ.ಮೀ. ಲೆನ್ಸಿನ ಫೋಕಸ್ ಬಳೆಯನ್ನು ನಿಧಾನವಾಗಿ ತಿರುಗಿಸಿ, ಶಟರ್ ವೇಗವನ್ನು ಹೊಂದಿಸಿ ಮುಳ್ಳು ನಡುವಿಗೆ ಬಂದ ಮೇಲೆ ಗುಂಡಿ ಒತ್ತಿದಾಗ, ಕೆಂಪು ಮರಳುಗಲ್ಲಿನ ಮೇಲಿನ ಉಳಿಯ ಗೆರೆಗಳೂ ನೆರಳಿನ ಮೃದುತ್ವವೂ ಕಪ್ಪು-ಬಿಳುಪು ಫಿಲ್ಮಿನಲ್ಲಿ ಮೂಡಿದ ರೀತಿ ನನಗೆ ಬೇರಾವ ಕ್ಯಾಮೆರಾದಲ್ಲೂ ಸಿಕ್ಕಿಲ್ಲ. ರೋಲಿಗೆ 36 ಚಿತ್ರಗಳಷ್ಟೇ ಇರುವುದರಿಂದ ಕಣ್ಣು ತಾನಾಗಿಯೇ ಎಚ್ಚರಗೊಳ್ಳುತ್ತದೆ. ಆಫ್ ಮಾಡುವ ಗುಂಡಿಯಿಲ್ಲ. ಲೆನ್ಸಿಗೆ ಮುಚ್ಚಳ ಹಾಕದಿದ್ದರೆ ಒಳಬರುವ ಬೆಳಕನ್ನು ಅಳೆಯುತ್ತಲೇ ಇದ್ದು ಬ್ಯಾಟರಿ ಬರಿದಾಗುತ್ತದೆ. ಕೊಳ್ಳುವವರು ಹಿಂಬದಿಯ ಮುಚ್ಚಳದ ಫೋಮ್ ಪಟ್ಟಿಯನ್ನು ತಪ್ಪದೆ ಪರೀಕ್ಷಿಸಬೇಕು. ನನ್ನದರಲ್ಲಿ ಅದು ಪುಡಿಯಾಗಿದ್ದರಿಂದ ಬೆಳಕು ಒಳಹೊಕ್ಕು ಮೊದಲ ರೋಲು ಪೂರ್ತಿ ಹಾಳಾಯಿತು.