ಇಂಡಿಯಾನಾ ಜೋನ್ಸ್ ಟೋಪಿ ಇನ್ಯಾರ ತಲೆಗೆ? ಪರದೆಯ ಮೇಲಾದ ಪ್ರಯೋಗಗಳ ಹೋಲಿಕೆ

2023ರ ಜೂನ್ ಕೊನೆಯಲ್ಲಿ ಹಾಲಿವುಡ್‌ನ 'ಇಂಡಿಯಾನಾ ಜೋನ್ಸ್' ಸಾಹಸ ಸರಣಿಯ ಐದನೇ ಚಿತ್ರ 'ಡಯಲ್ ಆಫ್ ಡೆಸ್ಟಿನಿ' ತೆರೆಗೆ ಬಂದಾಗ ನಾಯಕ ನಟ ಹ್ಯಾರಿಸನ್ ಫೋರ್ಡ್‌ಗೆ 81 ತುಂಬಲು ಎರಡು ವಾರ ಬಾಕಿ ಇತ್ತು. ಇದೇ ಕೊನೆ ಎಂದು ಅವರೇ ಹೇಳಿಯಾಗಿದೆ. ಮುಂದೇನು ಎಂಬುದಕ್ಕೆ ಇರುವ ದಾರಿಗಳು ಕೆಲವೇ: ಹಳೆಯ ನಟನಿಗೇ ಗ್ರಾಫಿಕ್ಸ್‌ನಲ್ಲಿ ಹರೆಯ ಕೊಡುವುದು, ಎಳೆಯ ನಟನನ್ನು ಹಾಕಿ ಹಿಂದಿನ ಕಥೆ ಹೇಳುವುದು, ಟೋಪಿಯನ್ನು ಇನ್ನೊಂದು ಪಾತ್ರಕ್ಕೆ ದಾಟಿಸುವುದು, ಬಾಂಡ್ ಥರ ಅದೇ ಪಾತ್ರಕ್ಕೆ ಹೊಸ ನಟನನ್ನು ತರುವುದು, ಅಥವಾ ಸರಣಿಗೆ ಮಂಗಳ ಹಾಡುವುದು. ಇವೆಲ್ಲವೂ ಈ ಸರಣಿಯಲ್ಲೋ ಇದರ ನೆಂಟರ ಸರಣಿಗಳಲ್ಲೋ ಒಮ್ಮೆ ನಡೆದುಹೋಗಿವೆ. ಹಾಗಾಗಿ ಊಹೆ ಬೇಕಿಲ್ಲ, ಸಾಲಾಗಿ ನೋಡಿದರೆ ಸಾಕು. ಹಾಗೆ ನೋಡಿದ ಮೇಲೆ ಇಲ್ಲಿನ ತೀರ್ಮಾನ ಇಷ್ಟು: ನಟನನ್ನು ಬದಲಿಸಬಹುದು, ಬದಲಿಸಲೇಬೇಕು. ಆದರೆ ಈವರೆಗೆ ಬದಲಿಸಲು ಹೋದವರಲ್ಲಿ ಹೆಚ್ಚಿನವರು ತಪ್ಪು ವಸ್ತುವನ್ನು ಉಳಿಸಿಕೊಂಡು ಸರಿಯಾದದ್ದನ್ನು ಬಿಟ್ಟಿದ್ದಾರೆ.

ಅಳತೆಗೋಲು: 1981ರ ಲಾರಿ ಚೇಸ್

ಹೋಲಿಸುವ ಮುನ್ನ ಅಳತೆಗೋಲು ಬೇಕು. ಸರಣಿಯ ಮೊದಲ ಚಿತ್ರ 'ರೇಡರ್ಸ್ ಆಫ್ ದಿ ಲಾಸ್ಟ್ ಆರ್ಕ್'ನ ಲಾರಿ ಚೇಸ್ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಬೇಡ, ಇದ್ದುದರಲ್ಲಿ ದೊಡ್ಡ ಪರದೆಯಲ್ಲಿ ನೋಡಿ. ಮೊದಲ ಸಲ ಸೌಂಡ್ ಆಫ್ ಮಾಡಿ, ಮುಖ ಬಿಟ್ಟು ಕಾಲು ಮತ್ತು ಭುಜಗಳನ್ನೇ ಗಮನಿಸಿ. ಎರಡನೇ ಸಲ ಕಣ್ಣು ಮುಚ್ಚಿ ಬರೀ ಕೇಳಿ. ಮೂರನೇ ಸಲ ಮಾಮೂಲಾಗಿ ನೋಡಿ. ಇದೇ ಕ್ರಮವನ್ನು ಮುಂದಿನ ಪ್ರತಿಯೊಂದಕ್ಕೂ ಅನ್ವಯಿಸಿದರೆ ಯಾವುದು ಎಲ್ಲಿ ಸೋಲುತ್ತದೆ ಎಂಬುದು ತಾನಾಗಿ ಕಾಣುತ್ತದೆ.

ಸೌಂಡಿಲ್ಲದೆ ನೋಡಿದಾಗ ಮೊದಲು ಹೊಳೆಯುವುದು ಈತ ಎಷ್ಟು ಪೆಟ್ಟು ತಿನ್ನುತ್ತಾನೆ ಎಂಬುದು. ತೋಳಿಗೆ ಗುಂಡು ಬೀಳುತ್ತದೆ, ಅದೇ ತೋಳಿಗೆ ಮತ್ತೆ ಗುದ್ದು ಬೀಳುತ್ತದೆ, ಲಾರಿಯಡಿ ನುಸುಳಿ ಚಾಟಿ ಹಿಡಿದು ನೆಲದ ಮೇಲೆ ಎಳೆಸಿಕೊಂಡು ಹೋಗುತ್ತಾನೆ. ಪ್ಲ್ಯಾನ್ ಎಂಬುದೇ ಇಲ್ಲ, ಆ ಕ್ಷಣಕ್ಕೆ ತೋಚಿದ್ದು ಮಾಡುತ್ತಾನೆ. ಇದೇ ಈ ಪಾತ್ರದ ತಿರುಳು: ಹೆದರುವ, ನೋಯುವ, ಆದರೂ ಬಿಡದ ಪುರಾತತ್ವದ ಮೇಷ್ಟ್ರು.

ಎರಡನೆಯದು, ಆ ಮೈ ಪೂರ್ತಿ ಫೋರ್ಡ್‌ದಲ್ಲ. ಲಾರಿಯಡಿ ಹೋದವರು ಸ್ಟಂಟ್‌ಮ್ಯಾನ್ ಟೆರ್ರಿ ಲೆನಾರ್ಡ್. ಅವರಿಗೆ ಜಾಗ ಸಿಗಲೆಂದು ರಸ್ತೆಯ ನಡುವೆ ಉದ್ದಕ್ಕೂ ಕಾಲುವೆಯಂತೆ ಅಗೆದಿದ್ದರು. ಮೊದಲ ಮೂರು ಚಿತ್ರಗಳಲ್ಲಿ ಫೋರ್ಡ್‌ಗೆ ಡ್ಯೂಪ್ ಆದವರು ವಿಕ್ ಆರ್ಮ್‌ಸ್ಟ್ರಾಂಗ್. 1984ರ 'ಟೆಂಪಲ್ ಆಫ್ ಡೂಮ್' ಶೂಟಿಂಗಿನಲ್ಲಿ ಬೆನ್ನುಮೂಳೆಯ ಡಿಸ್ಕ್ ಕೆಟ್ಟು ಫೋರ್ಡ್ ಚಿಕಿತ್ಸೆಗೆ ಅಮೆರಿಕಕ್ಕೆ ಹೋದಾಗ ವಾರಗಟ್ಟಲೆ ಕೆಲಸ ನಿಲ್ಲಲಿಲ್ಲ, ಆರ್ಮ್‌ಸ್ಟ್ರಾಂಗ್ ಮೇಲೆ ಚಿತ್ರೀಕರಿಸಿ ಆಮೇಲೆ ಫೋರ್ಡ್ ಮುಖದ ಶಾಟ್‌ಗಳನ್ನು ಸೇರಿಸಿದರು. ಥಿಯೇಟರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅಷ್ಟೇ ಏಕೆ, ಈ ಪಾತ್ರ ಮೊದಲು ಹೋಗಿದ್ದೇ ಟಾಮ್ ಸೆಲೆಕ್ ಕಡೆಗೆ. 'ಮ್ಯಾಗ್ನಮ್ ಪಿ.ಐ.' ಟಿವಿ ಸರಣಿಯ ಒಪ್ಪಂದ ಅಡ್ಡ ಬಂದದ್ದರಿಂದ ಕೈತಪ್ಪಿತು. "ಫೋರ್ಡ್ ಬಿಟ್ಟು ಬೇರೆಯವರನ್ನು ಊಹಿಸಲೂ ಆಗದು" ಎನ್ನುವವರು ಇದನ್ನು ಮರೆಯಬಾರದು.

ಗ್ರಾಫಿಕ್ಸ್ ಹರೆಯ: ಅತಿ ದುಬಾರಿ, ಅತಿ ದುರ್ಬಲ

'ಡಯಲ್ ಆಫ್ ಡೆಸ್ಟಿನಿ'ಯ ಮೊದಲ 20-25 ನಿಮಿಷ 1944ರಲ್ಲಿ ನಡೆಯುತ್ತದೆ. ತಲೆಗೆ ಹಾಕಿದ್ದ ಚೀಲವನ್ನು ನಾಜಿ ಸೈನಿಕರು ಕಿತ್ತೆಸೆಯುತ್ತಾರೆ, ಒಳಗೆ ಎಂಬತ್ತರ ದಶಕದ ಫೋರ್ಡ್ ಮುಖ. ಆ ಒಂದು ಕ್ಷಣ ಎದೆ ಝಲ್ಲೆನ್ನುವುದು ನಿಜ. ಗ್ರಾಫಿಕ್ಸ್ ಕಂಪನಿ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್‌ನವರು ಹಳೆಯ ಚಿತ್ರಗಳಿಗಾಗಿ ತೆಗೆದಿಟ್ಟಿದ್ದ ಫಿಲಂಗಳಿಂದ ಆಗಿನ ಮುಖಭಾವಗಳನ್ನು ಹೆಕ್ಕಿ, ಈಗಿನ ಮುಖದ ಮೇಲೆ ಕೂರಿಸಿದ್ದಾರೆ. ಮುಖ ಅಲುಗಾಡದೆ, ಬೆಳಕು ಒಂದೇ ಕಡೆಯಿಂದ ಬರುವ ಶಾಟ್‌ಗಳಲ್ಲಿ ತಪ್ಪು ಹುಡುಕುವುದು ಕಷ್ಟ.

ಮೂರು ಕಡೆ ಕೆಡುತ್ತದೆ. ಒಂದು, ದನಿ. ಕಣ್ಣು ಮುಚ್ಚಿ ಕೇಳಿದರೆ ಮಾತಾಡುತ್ತಿರುವುದು ಸುಮಾರು 80ರ ಹಿರಿಯರು. ಮುಖ ನಲವತ್ತೈದರದ್ದು, ಗಂಟಲು ಎಂಬತ್ತರದ್ದು. ಮೆದುಳು ಈ ವ್ಯತ್ಯಾಸವನ್ನು ಕೂಡಲೇ ಹಿಡಿಯುತ್ತದೆ, ಏನು ತಪ್ಪೆಂದು ಹೇಳಲು ಬಾರದಿದ್ದರೂ. ಎರಡು, ಓಟ. ರೈಲಿನ ಮೇಲೆ ಓಡುವಲ್ಲಿ ಕಾಲನ್ನೇ ನೋಡಿ, ನೆಲದ ಮೇಲೆ ಭಾರ ಬೀಳುತ್ತಿಲ್ಲ. 1981ರ ಓಟದಲ್ಲಿದ್ದ ಮುಗ್ಗರಿಕೆ, ಭುಜದ ಎಳೆತ ಯಾವುದೂ ಇಲ್ಲ. ಮೂರು, ಬೆಳಕು. ದೃಶ್ಯವೆಲ್ಲ ರಾತ್ರಿ, ಹೊಗೆ, ಬೆಂಕಿ. ಮುಖವನ್ನು ಕಾಪಾಡಲು ಕತ್ತಲು ಬೇಕಾಗುತ್ತದೆ. ಮರುಭೂಮಿಯ ನಡುಮಧ್ಯಾಹ್ನದಲ್ಲಿ ನಡೆಯುವ ಲಾರಿ ಚೇಸ್ ಪಕ್ಕದಲ್ಲಿಟ್ಟು ನೋಡಿದರೆ, ಮುಖ ಉಳಿಸಿಕೊಳ್ಳಲು ಸಿನಿಮಾ ಏನು ಬಿಟ್ಟುಕೊಟ್ಟಿತು ಎಂಬುದು ತಿಳಿಯುತ್ತದೆ.

ಇಡೀ ಚಿತ್ರಕ್ಕೆ ಖರ್ಚಾದದ್ದು ಸುಮಾರು 30 ಕೋಟಿ ಡಾಲರ್, ವಿಶ್ವದಾದ್ಯಂತ ಬಂದದ್ದು 38 ಕೋಟಿ ಚಿಲ್ಲರೆ. ಥಿಯೇಟರಿನವರ ಪಾಲು ಕಳೆದರೆ ನಷ್ಟ. ಅದಕ್ಕಿಂತ ಮುಖ್ಯವಾಗಿ, ಕಂಪ್ಯೂಟರ್ ಮುಖಕ್ಕೆ ನೋವಾಗುವುದಿಲ್ಲ. ಪೆಟ್ಟು ಬಿದ್ದಾಗ ಹುಬ್ಬು ಗಂಟಿಕ್ಕುವುದು, ತುಟಿ ಓರೆಯಾಗುವುದು ಎಲ್ಲ ಬರುತ್ತದೆ, ಸರಿಯಾದ ಹೊತ್ತಿಗೂ ಬರುತ್ತದೆ. ಆದರೆ ಆ ಮೈಗೆ ಪೆಟ್ಟು ಬಿತ್ತೆಂದು ಅನ್ನಿಸುವುದೇ ಇಲ್ಲ.

ಎಳೆಯ ನಟ, ಹಿಂದಿನ ಕಥೆ

ಇಲ್ಲಿ ಎರಡು ಪ್ರಯೋಗಗಳು ಎದುರುಬದುರು ನಿಲ್ಲುತ್ತವೆ. 1989ರ 'ಲಾಸ್ಟ್ ಕ್ರುಸೇಡ್' ಆರಂಭದಲ್ಲಿ ರಿವರ್ ಫೀನಿಕ್ಸ್ 1912ರ ಯೂಟಾದ ಸ್ಕೌಟ್ ಹುಡುಗನಾಗಿ ಬರುತ್ತಾನೆ. ಫೋರ್ಡ್‌ಗೆ ಆತ ಹೊಸಬನಲ್ಲ, 1986ರ 'ಮಾಸ್ಕಿಟೋ ಕೋಸ್ಟ್'ನಲ್ಲಿ ಮಗನ ಪಾತ್ರ ಮಾಡಿದ್ದ. ಹಾಗಾಗಿ ಆತ ತೆರೆಯ ಮೇಲಿನ ಇಂಡಿಯಾನಾ ಜೋನ್ಸ್‌ನನ್ನು (ಚುಟುಕಾಗಿ 'ಇಂಡಿ') ಅನುಕರಿಸದೆ, ಸೆಟ್ಟಿನಲ್ಲಿ ಓಡಾಡುವ ಫೋರ್ಡ್‌ನ ನಡಿಗೆ, ಬೆರಳು ತೋರಿಸುವ ರೀತಿ ಹಿಡಿದುಕೊಂಡ. ಸೌಂಡ್ ಆಫ್ ಮಾಡಿ ನೋಡಿದರೆ ಇದೇ ಎದ್ದು ಕಾಣುವುದು. ಸರ್ಕಸ್ ರೈಲಿನಲ್ಲಿ ಸಿಂಹದ ಮುಂದೆ ಚಾಟಿ ಬೀಸಿದಾಗ ತುದಿ ಅವನ ಗದ್ದಕ್ಕೇ ಬಡಿಯುತ್ತದೆ. ಎರಡನೇ ಬೀಸಿಗೆ ಸರಿಯಾಗುತ್ತದೆ. ಭಯ, ಪೆಟ್ಟು, ತಪ್ಪಿನಿಂದ ಕಲಿಕೆ, ಪಾತ್ರದ ಪೂರ್ತಿ ತಿರುಳು ಆ ಎರಡು ಬೀಸುಗಳಲ್ಲಿದೆ.

2018ರ 'ಸೋಲೋ' ಮಾಡಿದ್ದು ಇದರ ವಿರುದ್ಧ. ಅದು 'ಸ್ಟಾರ್ ವಾರ್ಸ್' ಸರಣಿಯ ಹಾನ್ ಸೋಲೋನ ಹರೆಯದ ಕಥೆ. ಅದೂ ಫೋರ್ಡ್ ಮಾಡಿದ ಪಾತ್ರವೇ, ಕಂಪನಿಯೂ ಅದೇ ಲ್ಯೂಕಾಸ್‌ಫಿಲ್ಮ್. ಆಲ್ಡನ್ ಎರೆನ್‌ರೈಕ್ ಕೆಟ್ಟ ನಟ ಅಲ್ಲವೇ ಅಲ್ಲ. ಆದರೆ ಹೆಸರಿನ ಹಿಂದೆ 'ಸೋಲೋ' ಹೇಗೆ ಬಂತು, ಪಿಸ್ತೂಲು ಎಲ್ಲಿಂದ ಬಂತು, ಗೆಳೆಯ ಹೇಗೆ ಸಿಕ್ಕಿದ, ಹಡಗು ಹೇಗೆ ದಕ್ಕಿತು ಎಂದು ಎರಡು ಗಂಟೆ ಉದ್ದಕ್ಕೂ ಲೆಕ್ಕ ಒಪ್ಪಿಸಿದರೆ, ನೋಡುವವನು ಪ್ರತಿ ಸೀನಿನಲ್ಲೂ ಫೋರ್ಡ್‌ನನ್ನೇ ನೆನೆಯುತ್ತಾನೆ. ಲಾಸ್ಟ್ ಕ್ರುಸೇಡ್ ಕೂಡ ಟೋಪಿ, ಚಾಟಿ, ಗದ್ದದ ಗಾಯ, ಹಾವಿನ ಭಯ ನಾಲ್ಕಕ್ಕೂ ಕಾರಣ ಹೇಳುತ್ತದಲ್ಲ ಎಂದರೆ, ಹೌದು. ಆದರೆ ಒಂದೇ ಓಟದಲ್ಲಿ ಹೇಳಿ ಮುಗಿಸಿ, ಟೋಪಿ ಎತ್ತಿದೊಡನೆ ಫೋರ್ಡ್ ಮುಖ ತೋರಿಸಿ ಮುಂದೆ ಹೋಗುತ್ತದೆ. ಸಾರಿಗೆ ಹಾಕುವ ಒಗ್ಗರಣೆಯಷ್ಟು. 'ಸೋಲೋ' ಒಗ್ಗರಣೆಯನ್ನೇ ಊಟಕ್ಕೆ ಬಡಿಸಿತು. ಅದೇ ಚಿತ್ರದಲ್ಲಿ ಬಿಲ್ಲಿ ಡೀ ವಿಲಿಯಮ್ಸ್ ಮಾಡಿದ್ದ ಲ್ಯಾಂಡೋ ಪಾತ್ರಕ್ಕೆ ಡೊನಾಲ್ಡ್ ಗ್ಲೋವರ್ ಬಂದಾಗ ಹೆಚ್ಚಿನವರು ಮೆಚ್ಚಿದರು ಎಂಬುದನ್ನೂ ಗಮನಿಸಬೇಕು. ಅವನ ತಲೆಯ ಮೇಲೆ ಈ ಲೆಕ್ಕದ ಹೊರೆ ಅಷ್ಟಿರಲಿಲ್ಲ.

ಇದಾದ ಮೇಲೆ ಲ್ಯೂಕಾಸ್‌ಫಿಲ್ಮ್ ಮುಖ್ಯಸ್ಥೆಯಾಗಿದ್ದ ಕ್ಯಾಥ್ಲೀನ್ ಕೆನಡಿ 2022ರಲ್ಲಿ, ಇಂಥದ್ದು ಮಾಡಲಾಗದು ಎಂಬುದು ಈಗ ಸ್ಪಷ್ಟವಾಗಿದೆ ಎಂಬ ಅರ್ಥದ ಮಾತಾಡಿದರು. ಪಾಠ ತಪ್ಪು ಎಂಬುದು ಇಲ್ಲಿನ ಅಭಿಪ್ರಾಯ. ಸೋತದ್ದು ಕಥೆಯ ಆಯ್ಕೆ. ಜೊತೆಗೆ ನಡುದಾರಿಯಲ್ಲಿ ಇಬ್ಬರು ನಿರ್ದೇಶಕರನ್ನು ತೆಗೆದು ರಾನ್ ಹೊವರ್ಡ್‌ರನ್ನು ಕರೆತಂದು ಮತ್ತೆ ಶೂಟ್ ಮಾಡಿದ್ದರಿಂದ ಖರ್ಚು ಉಬ್ಬಿತು.

1992ರಲ್ಲಿ ಶುರುವಾದ 'ಯಂಗ್ ಇಂಡಿಯಾನಾ ಜೋನ್ಸ್' ಟಿವಿ ಸರಣಿಯೂ ಇದೇ ದಾರಿಯದ್ದು. ಕೋರಿ ಕ್ಯಾರಿಯರ್ ಬಾಲಕ, ಶಾನ್ ಪ್ಯಾಟ್ರಿಕ್ ಫ್ಲಾನರಿ ತರುಣ. 1910ರ ಕಾಶಿಯಲ್ಲಿ ಬಾಲಕ ಇಂಡಿ ಜಿಡ್ಡು ಕೃಷ್ಣಮೂರ್ತಿಯನ್ನು ಭೇಟಿಯಾಗುವ ಕಂತೂ ಅದರಲ್ಲಿದೆ. ಒಳ್ಳೆಯ ಇತಿಹಾಸದ ಪಾಠ, ಸಾಹಸ ಕಮ್ಮಿ. ಮುಖ ಬದಲಾದದ್ದಕ್ಕೆ ಅಲ್ಲಿ ತೊಂದರೆಯೇ ಆಗಲಿಲ್ಲ.

ಟೋಪಿ ದಾಟಿಸುವುದು

ಇದರ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. 2008ರ 'ಕ್ರಿಸ್ಟಲ್ ಸ್ಕಲ್' ಕೊನೆಯಲ್ಲಿ ಟೋಪಿ ಉರುಳಿಕೊಂಡು ಮಗ ಮಟ್ ಕಾಲಬಳಿ ಬರುತ್ತದೆ. ಅವನು ಎತ್ತಿ ತಲೆಗೆ ಇಡುವಷ್ಟರಲ್ಲಿ ಅಪ್ಪ ಕಸಿದುಕೊಳ್ಳುತ್ತಾನೆ. ಮುಂದಿನ ಚಿತ್ರದಲ್ಲಿ ಮಟ್ ವಿಯೆಟ್ನಾಂ ಯುದ್ಧದಲ್ಲಿ ಸತ್ತ ಸುದ್ದಿ ಮಾತ್ರ ಬರುತ್ತದೆ. ಅದೇ ಚಿತ್ರದಲ್ಲಿ ಹೆಲೆನಾ ಪಾತ್ರಕ್ಕೆ ಬಂದ ಫೀಬಿ ವಾಲರ್-ಬ್ರಿಜ್ ಚುರುಕಾಗಿದ್ದಾರೆ, ಆದರೆ ಆಕೆ ಬೇರೆಯೇ ವ್ಯಕ್ತಿ, ಬೇರೆಯೇ ಸಿನಿಮಾ ಬೇಡುವವರು. ಮೂಲ ಹೀರೋ ಪಕ್ಕದಲ್ಲೇ ನಿಂತಿರುವಾಗ ವಾರಸುದಾರ ಬೆಳೆಯುವುದಿಲ್ಲ.

ಬಾಂಡ್ ದಾರಿ, ಮ್ಯಾಕ್ಸ್ ದಾರಿ

ನಿಜವಾದ ಪಾಠ ಇರುವುದು ಇಲ್ಲಿ. 1969ರಲ್ಲಿ ಶಾನ್ ಕಾನರಿ ಜಾಗಕ್ಕೆ ಜಾರ್ಜ್ ಲೇಜನ್‌ಬಿ ಬಂದಾಗ, ಆ ಚಿತ್ರ ಹಳೆಯದನ್ನು ಮತ್ತೆ ಮತ್ತೆ ನೆನಪಿಸಿತು. ಟೈಟಲ್ ಕಾರ್ಡ್‌ನಲ್ಲಿ ಹಿಂದಿನ ಚಿತ್ರಗಳ ತುಣುಕು, ಮೇಜಿನ ಡ್ರಾಯರ್‌ನಲ್ಲಿ ಹಿಂದಿನ ಚಿತ್ರಗಳ ವಸ್ತು, ಮೊದಲ ದೃಶ್ಯದಲ್ಲೇ ಹಳೆಯ ಬಾಂಡ್ ಬಗ್ಗೆ ಒಂದು ಚಟಾಕಿ. ಇವನು ಅವನಲ್ಲ ಎಂದು ಚಿತ್ರವೇ ಬೆರಳು ಮಾಡಿ ತೋರಿಸಿತು. 1973ರಲ್ಲಿ ರೋಜರ್ ಮೂರ್ ಬಂದಾಗ ನಿರ್ಮಾಪಕರು ಜಾಣರಾಗಿದ್ದರು. ಮೂರ್ ಸಿಗರೇಟು ಬಿಟ್ಟು ಚುಟ್ಟ ಸೇದಿದರು, ಮಾರ್ಟಿನಿ ಬದಲು ಬರ್ಬನ್ ಕೇಳಿದರು, ಪಿಸ್ತೂಲಿನ ನಳಿಕೆಯೊಳಗಿಂದ ಕಾಣುವ ಪ್ರಸಿದ್ಧ ಶಾಟ್‌ನಲ್ಲಿ ಟೋಪಿ ತೆಗೆದರು. ಬಾಂಡ್‌ನ ಮೇಲಧಿಕಾರಿ 'ಎಂ' ತನ್ನ ಕಚೇರಿಗೆ ಕರೆಸದೆ ಬಾಂಡ್ ಮನೆಗೇ ಬಂದು ಕೆಲಸ ಒಪ್ಪಿಸುತ್ತಾನೆ. ಕಾನರಿಯ ಜೊತೆ ಹೋಲಿಕೆಗೆ ಸಿಗುವ ಎಳೆಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ, ಬರ್ನಾರ್ಡ್ ಲೀ, ಲೋಯಿಸ್ ಮ್ಯಾಕ್ಸ್‌ವೆಲ್‌ರಂಥ ಹಳೆಯ ಸಹನಟರನ್ನೂ ಆ ಟ್ಯೂನನ್ನೂ ಹಾಗೇ ಇಟ್ಟುಕೊಂಡರು. ಮೂರ್ ಏಳು ಚಿತ್ರ ಮಾಡಿದರು.

'ಮ್ಯಾಡ್ ಮ್ಯಾಕ್ಸ್' ಸರಣಿಯ 2015ರ ಚಿತ್ರ 'ಫ್ಯೂರಿ ರೋಡ್' ಇನ್ನೊಂದು ಉಪಾಯ ತೋರಿಸುತ್ತದೆ. ಮೆಲ್ ಗಿಬ್ಸನ್ ಜಾಗಕ್ಕೆ ಟಾಮ್ ಹಾರ್ಡಿ. ಮೊದಲ ಭಾಗದಲ್ಲಿ ಬಹುಪಾಲು ಅವನ ಮುಖಕ್ಕೆ ಕಬ್ಬಿಣದ ಜಾಲರಿ, ಮಾತು ಬೆರಳೆಣಿಕೆ. ಮುಖವನ್ನು ಹೋಲಿಸಲು ಅವಕಾಶವೇ ಸಿಗದೆ, ಜಾಲರಿ ಬಿಚ್ಚುವ ಹೊತ್ತಿಗೆ ಅವನೇ ಮ್ಯಾಕ್ಸ್ ಆಗಿರುತ್ತಾನೆ. ಮೊಣಕಾಲಿನ ಕಟ್ಟು, ಚರ್ಮದ ಜಾಕೆಟ್, ಕಾರು ಉಳಿದವು, ಯಾಕೆ ಏನು ಎಂಬ ವಿವರಣೆ ಇಲ್ಲ. ಎಲ್ಲಕ್ಕಿಂತ ದೊಡ್ಡ ಭದ್ರತೆ ನಿರ್ದೇಶಕ ಜಾರ್ಜ್ ಮಿಲ್ಲರ್. 1979ರ ಮೊದಲ ಚಿತ್ರ ಮಾಡಿದವರೇ ಇದನ್ನೂ ಮಾಡಿದರು. ಆರು ಆಸ್ಕರ್ ಬಂದವು.

ಎಲ್ಲರೂ ಕಡೆಗಣಿಸಿದ ಸಾಕ್ಷಿ: ಒಂದು ಗೇಮ್

2024ರ ಡಿಸೆಂಬರ್‌ನಲ್ಲಿ ಬಂದ 'ಇಂಡಿಯಾನಾ ಜೋನ್ಸ್ ಅಂಡ್ ದಿ ಗ್ರೇಟ್ ಸರ್ಕಲ್' ಗೇಮ್‌ನಲ್ಲಿ ಮುಖ ಯುವ ಫೋರ್ಡ್‌ದು, ದನಿ ಮತ್ತು ಅಭಿನಯ ಟ್ರಾಯ್ ಬೇಕರ್‌ದು. ಕಥೆ 1937ರದ್ದು, ಅಂದರೆ 'ರೇಡರ್ಸ್' ಮತ್ತು 'ಲಾಸ್ಟ್ ಕ್ರುಸೇಡ್' ಕಥೆಗಳ ನಡುವಿನದು. ಆಟ ಬಹುಪಾಲು ಇಂಡಿಯ ಕಣ್ಣಿನಿಂದಲೇ ನಡೆಯುವುದರಿಂದ ಮುಖ ಕಾಣುವುದು ಹೆಚ್ಚಾಗಿ ಕಥೆ ಮುಂದುವರಿಸುವ ದೃಶ್ಯಗಳಲ್ಲಿ. ವ್ಯಾಟಿಕನ್ ಭಾಗ ಆಡುವಾಗ ಕಣ್ಣಿಗೆ ಕಾಣುವುದು ಎರಡು ಕೈ, ಚಾಟಿ, ಕೈಗೆ ಸಿಕ್ಕ ಗುದ್ದಲಿ ಅಥವಾ ಬಾಟಲಿ. ಒಂದೆರಡು ಗುದ್ದಿಗೆ ಆಯುಧ ಮುರಿಯುತ್ತದೆ, ಇನ್ನೇನಾದರೂ ಹುಡುಕಬೇಕು. ತೋಚಿದ್ದು ಮಾಡುವ ಗುಣ ಇಲ್ಲಿ ಆಡುವವನ ಕೈಗೇ ಬಂದಿದೆ. ಬೇಕರ್ ದನಿ ಫೋರ್ಡ್‌ನ ನಕಲಿನಂತೆ ಶುರುವಾಗಿ, ಹೊತ್ತು ಕಳೆದಂತೆ ಆ ಯೋಚನೆಯೇ ಬರದಂತೆ ಮಾಡುತ್ತದೆ. ಫೋರ್ಡ್ ಸ್ವತಃ ಆ ಕೆಲಸವನ್ನು ಬಾಯ್ತುಂಬ ಹೊಗಳಿದರು. ನಕಲಿ ಹರೆಯದ ಅಸಲಿ ಫೋರ್ಡ್‌ಗಿಂತ, ಬೇರೊಬ್ಬ ಜೀವಂತ ನಟ ಇಂಡಿಗೆ ಹತ್ತಿರ ಬಂದ. ಇಡೀ ಹೋಲಿಕೆಯಲ್ಲಿ ಇದಕ್ಕಿಂತ ಗಟ್ಟಿ ಪುರಾವೆ ಇಲ್ಲ.

ನಿಲ್ಲಿಸಿಬಿಡುವುದು

ಇದೂ ಗೌರವದ ದಾರಿಯೇ. ನಮ್ಮ ರಾಜಕುಮಾರರ ಸಿಐಡಿ 999 ಸರಣಿ 1968ರ 'ಜೇಡರ ಬಲೆ'ಯಿಂದ 1978ರ 'ಆಪರೇಷನ್ ಡೈಮಂಡ್ ರಾಕೆಟ್'ವರೆಗೆ ನಾಲ್ಕು ಚಿತ್ರಗಳಿಗೆ ನಿಂತಿತು. ದೊರೈ-ಭಗವಾನ್ ಆ ಪಾತ್ರವನ್ನು ಅಣ್ಣಾವ್ರಿಗೆಂದೇ ಹೊಲಿದಿದ್ದರು, ಬಿಚ್ಚಿ ಇನ್ನೊಬ್ಬರಿಗೆ ತೊಡಿಸುವ ಮಾತೇ ಇರಲಿಲ್ಲ. ಆದರೆ ಇಂಡಿ ಹಾಗಲ್ಲ. ಅವನನ್ನು ಲ್ಯೂಕಾಸ್ ಮತ್ತು ಸ್ಪೀಲ್‌ಬರ್ಗ್ ಹಳೆಯ ಶನಿವಾರದ ಸಾಹಸ ಧಾರಾವಾಹಿಗಳ ಅಚ್ಚಿನಲ್ಲಿ ಕಡೆದರು, ನಟ ಆಮೇಲೆ ಬಂದ. 'ರೇಡರ್ಸ್' ಆರಂಭ ನೋಡಿ: ಬೆನ್ನು, ಟೋಪಿ, ನೆರಳು. ಹಿಂದಿನಿಂದ ಪಿಸ್ತೂಲು ಎತ್ತಿದವನ ಕೈಗೆ ಚಾಟಿ ಬಡಿದ ಮೇಲಷ್ಟೇ ಮುಖ ಬೆಳಕಿಗೆ ಬರುವುದು.

ಬದಲಿಸುವುದಾದರೆ ಹೇಗೆ

ವಯಸ್ಸು ಮೂವತ್ತೈದರಿಂದ ನಲವತ್ತು. ಮೊದಲ ಚಿತ್ರದ ಶೂಟಿಂಗ್ ವೇಳೆ ಫೋರ್ಡ್‌ಗೆ 38 ನಡೆಯುತ್ತಿತ್ತು. ಕಾಲ 1930ರ ದಶಕವೇ ಇರಲಿ. ಇಂಡಿಯನ್ನು ಇಂದಿನ ಕಾಲಕ್ಕೆ ತಂದರೆ ಮೊಬೈಲು, ಉಪಗ್ರಹ ನಕ್ಷೆಗಳ ಮುಂದೆ ಅರ್ಧ ಕಥೆ ಅಲ್ಲೇ ಸಾಯುತ್ತದೆ. ಬಾಲ್ಯ, ಅಪ್ಪ, ಟೋಪಿಯ ಮೂಲ ಯಾವುದನ್ನೂ ಮುಟ್ಟಬಾರದು. ಫೋರ್ಡ್‌ನ ಓರೆ ನಗು, ಬೆರಳು ತೋರುವ ಭಂಗಿ ಅನುಕರಿಸಲು ಹೊಸಬನಿಗೆ ಬಿಡಬಾರದು. ಅಂಥದ್ದು ಫೀನಿಕ್ಸ್‌ಗೆ ಹದಿಮೂರು ನಿಮಿಷ ಹೊಂದಿತು, ಎರಡು ಗಂಟೆಗೆ ಹೊಂದದು.

ಒಂದು ತೊಡಕು ಇದೆ. ಬಾಂಡ್‌ನಂತೆ ಹಳೆಯ ಸಹನಟರನ್ನು ಇಟ್ಟುಕೊಂಡು ದಾಟುವ ಸೇತುವೆ ಇಲ್ಲಿಲ್ಲ. ಇಂಡಿಯ ಗೆಳೆಯ ಮಾರ್ಕಸ್ ಬ್ರೋಡಿಯಾಗಿದ್ದ ಡೆನ್‌ಹೋಮ್ ಎಲಿಯಟ್ 1992ರಲ್ಲಿ ತೀರಿಕೊಂಡರು, ಇನ್ನೊಬ್ಬ ಗೆಳೆಯ ಸಲ್ಲಾ ಪಾತ್ರದ ಜಾನ್ ರಿಸ್-ಡೇವಿಸ್‌ಗೂ ವಯಸ್ಸಾಯಿತು. ಹಾಗಾಗಿ ಮೊದಲ ಚಿತ್ರದಲ್ಲಿ ಈ ಇಬ್ಬರೂ ಬೇಡ. ನಂಟು ಉಳಿಸಲು ಬೇರೆ ಸಾಮಗ್ರಿ ಬೇಕಾದಷ್ಟಿದೆ: ಜಾನ್ ವಿಲಿಯಮ್ಸ್‌ರ ಮಾರ್ಚ್ ಸಂಗೀತ, ನಕ್ಷೆಯ ಮೇಲೆ ಹರಿಯುವ ಕೆಂಪು ಗೆರೆ, ಬೆನ್ ಬರ್ಟ್ ಕಟ್ಟಿದ ಆ ದಪ್ಪ ಗುದ್ದಿನ ಸದ್ದು. ಮಾರ್ಚನ್ನು ಆರಂಭದಲ್ಲೇ ಮೊಳಗಿಸಬಾರದು. ಹೊಸಬ ಒಂದು ಪೆಟ್ಟು ತಿಂದು ಒಂದು ಉಪಾಯ ಮಾಡಿ ಪಾರಾದ ಮೇಲೆ ಕೊಟ್ಟರೆ ಆ ಸಂಗೀತ ಅವನಿಗೆ ಸೇರುತ್ತದೆ. ಮೊದಲೇ ಕೊಟ್ಟರೆ ಫೋರ್ಡ್‌ನದ್ದಾಗಿಯೇ ಉಳಿಯುತ್ತದೆ.

ಖರ್ಚಿನ ಮಾತು. 'ರೇಡರ್ಸ್' ಆಗಿದ್ದು ಸುಮಾರು 2 ಕೋಟಿ ಡಾಲರಿನಲ್ಲಿ. ಇಂದಿನ ಬೆಲೆಗೆ ಹಿಡಿದರೂ ಅದು 'ಡಯಲ್' ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ. ಮುಖದ ಗ್ರಾಫಿಕ್ಸ್ ಬಿಟ್ಟು, ಆ ಹಣದಲ್ಲಿ ಒಂದು ಪಾಲನ್ನು ನಿಜವಾದ ಲಾರಿ, ನಿಜವಾದ ಧೂಳು, ಒಳ್ಳೆಯ ಸ್ಟಂಟ್ ತಂಡಕ್ಕೆ ಹಾಕಬೇಕು.

ಕೊನೆಯದಾಗಿ ಒಪ್ಪಂದ. ಕನಿಷ್ಠ ಮೂರು ಚಿತ್ರಗಳಿಗೆ ಮೊದಲೇ ಸಹಿ ಆಗಿರಬೇಕು. ಲೇಜನ್‌ಬಿ ಒಂದೇ ಚಿತ್ರಕ್ಕೆ ಹೊರಟುಹೋಗಿ 1971ರಲ್ಲಿ ಕಾನರಿಯನ್ನೇ ಮರಳಿ ಕರೆಯಬೇಕಾಯಿತು, ಮೂರ್ ತಮ್ಮದೇ ಲಯಕ್ಕೆ ಬಂದದ್ದು 1977ರ ಮೂರನೇ ಚಿತ್ರದಲ್ಲಿ. ಮೊದಲ ಚಿತ್ರ ಹೇಗಿದ್ದರೂ ಜನ ಫೋರ್ಡ್ ಪಕ್ಕದಲ್ಲಿಟ್ಟೇ ತೂಗುತ್ತಾರೆ. ಒಂದಕ್ಕೆ ಸಹಿ ಹಾಕಿಸಿ ಕಲೆಕ್ಷನ್ ನೋಡಿ ಮುಂದಿನ ಮಾತು ಎನ್ನುವುದಾದರೆ ಈ ಕೆಲಸಕ್ಕೆ ಕೈ ಹಾಕದಿರುವುದೇ ವಾಸಿ.