ಗಿಟ್‌ನಲ್ಲಿ ಸಾಲಿನ ಕೊನೆ: ನೆಚ್ಚಬೇಕಾದ ಫೈಲು, ನೆಚ್ಚಬಾರದ ಸೆಟ್ಟಿಂಗು

ವಿಂಡೋಸ್, ಲಿನಕ್ಸ್, ಮ್ಯಾಕ್ ಬಳಸುವವರೆಲ್ಲ ಒಂದೇ ರೆಪೊಸಿಟರಿಯಲ್ಲಿ (ಕೋಡು ಮತ್ತು ಅದರ ಇತಿಹಾಸದ ಸಂಗ್ರಹ) ಕೆಲಸ ಮಾಡುವಾಗ ಲೈನ್ ಎಂಡಿಂಗ್, ಅಂದರೆ ಸಾಲು ಮುಗಿಯಿತೆಂದು ಹೇಳುವ ಕಾಣದ ಗುರುತು, ಸರಿದೂಗಿಸಲು ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಎರಡು ದಾರಿ ಕೊಟ್ಟಿದೆ. ಒಂದು, ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಬೇರೆ ಬೇರೆಯಾಗಿ ಕೂರುವ ಕೋರ್.ಆಟೋಸಿಆರ್‌ಎಲ್‌ಎಫ್ ಎಂಬ ಸೆಟ್ಟಿಂಗ್. ಇನ್ನೊಂದು, ಕೋಡಿನ ಜೊತೆಯಲ್ಲೇ ಕಮಿಟ್ ಆಗುವ (ಇತಿಹಾಸದಲ್ಲಿ ದಾಖಲಾಗುವ) .ಗಿಟ್‌ಆಟ್ರಿಬ್ಯೂಟ್ಸ್ ಫೈಲ್. ಎರಡನೆಯದು ಗಿಟ್‌ನ ಒಳ್ಳೆಯ ಸೌಲಭ್ಯಗಳಲ್ಲೊಂದು. ಮೊದಲನೆಯದನ್ನೇ ನೆಚ್ಚಿಕೊಂಡ ತಂಡ ಇವತ್ತಲ್ಲ ನಾಳೆ ತೊಂದರೆಗೆ ಸಿಕ್ಕುತ್ತದೆ. ಇಷ್ಟಾದರೂ ಟ್ಯುಟೋರಿಯಲ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಮೊದಲನೆಯದೇ. ಇಲ್ಲಿ ಹೇಳಿರುವುದು ಗಿಟ್ 2.16 ಮತ್ತು ಅದಕ್ಕಿಂತ ಹೊಸ ಆವೃತ್ತಿಗಳಿಗೆ ಅನ್ವಯಿಸುತ್ತದೆ.

ಈ ತೊಡಕಿನ ಬೇರು ಟೆಲಿಪ್ರಿಂಟರ್ ಕಾಲದ್ದು. ಅಚ್ಚೊತ್ತುವ ಭಾಗವನ್ನು ಎಡತುದಿಗೆ ತರಲು ಒಂದು ಸಂಕೇತ, ಅದೇ ಸಿಆರ್, ಆಸ್ಕಿ 13. ಕಾಗದವನ್ನು ಒಂದು ಸಾಲು ಸರಿಸಲು ಇನ್ನೊಂದು, ಎಲ್‌ಎಫ್, ಆಸ್ಕಿ 10. ಯುನಿಕ್ಸ್ ಎಲ್‌ಎಫ್ ಒಂದೇ ಸಾಕೆಂದಿತು. ಡಾಸ್ ಎರಡನ್ನೂ ಜೋಡಿಯಾಗಿ, ಸಿಆರ್‌ಎಲ್‌ಎಫ್ ಎಂದು, ಉಳಿಸಿಕೊಂಡಿತು, ಅದು ವಿಂಡೋಸ್‌ಗೂ ಬಂತು. ಮ್ಯಾಕ್ ಓಎಸ್ 9ರವರೆಗೆ ಸಿಆರ್ ಮಾತ್ರ ಇತ್ತು, ಆಮೇಲೆ ಅಲ್ಲೂ ಎಲ್‌ಎಫ್ ಬಂತು. ಗಿಟ್‌ಗೆ ಇವೆಲ್ಲ ಬರೀ ಬೈಟುಗಳು. ಒಂದು ಎಡಿಟರ್ ಇಡೀ ಫೈಲನ್ನು ಸಿಆರ್‌ಎಲ್‌ಎಫ್ ಮಾಡಿ ಉಳಿಸಿದರೆ ಪ್ರತಿ ಸಾಲೂ ಬದಲಾದಂತೆ. ಏನು ಬದಲಾಯಿತೆಂದು ತೋರಿಸುವ ಡಿಫ್ ಓದಲಾಗದು, ಯಾವ ಸಾಲು ಯಾರದೆಂದು ಹೇಳುವ ಬ್ಲೇಮ್ ತಪ್ಪು ಹೆಸರು ತೋರಿಸುತ್ತದೆ, ಇಬ್ಬರ ಕೆಲಸವನ್ನು ಒಂದುಗೂಡಿಸಲು ಮರ್ಜ್ ಮಾಡಹೊರಟರೆ ಫೈಲ್ ಪೂರ್ತಿ ಕಾನ್‌ಫ್ಲಿಕ್ಟ್.

ಮೊದಲು ಆ ಸೆಟ್ಟಿಂಗನ್ನೇ ನೋಡೋಣ. ಅದಕ್ಕೆ ಮೂರು ಬೆಲೆಗಳು. ಟ್ರೂ ಎಂದರೆ ಆಡ್ ಮಾಡುವಾಗ (ಫೈಲನ್ನು ಗಿಟ್‌ಗೆ ಒಪ್ಪಿಸುವಾಗ) ಸಿಆರ್‌ಎಲ್‌ಎಫ್ ಇದ್ದದ್ದು ಎಲ್‌ಎಫ್ ಆಗುತ್ತದೆ, ಚೆಕ್‌ಔಟ್ ಮಾಡುವಾಗ (ಗಿಟ್‌ನಿಂದ ಡಿಸ್ಕಿಗೆ ಇಳಿಸುವಾಗ) ಮತ್ತೆ ಸಿಆರ್‌ಎಲ್‌ಎಫ್ ಆಗುತ್ತದೆ. ಇನ್‌ಪುಟ್ ಎಂದರೆ ಒಳಗೆ ಹೋಗುವಾಗ ಮಾತ್ರ ಬದಲಾವಣೆ. ಫಾಲ್ಸ್ ಎಂದರೆ ಈ ಸೆಟ್ಟಿಂಗ್ ತನ್ನಷ್ಟಕ್ಕೆ ಏನೂ ಮಾಡುವುದಿಲ್ಲ. ಗಿಟ್ ಫಾರ್ ವಿಂಡೋಸ್ ಇನ್‌ಸ್ಟಾಲರ್ ಇದೇ ಮೂರನ್ನು ಒಂದು ಪುಟದಲ್ಲಿ ಕೇಳುತ್ತದೆ, ಮೊದಲೇ ಆಯ್ಕೆಯಾಗಿರುವುದು ಟ್ರೂ. ಒಂದೊಂದನ್ನೇ ನೋಡಿದರೆ ಮೂರರಲ್ಲೂ ದೋಷವಿಲ್ಲ. ದೋಷವಿರುವುದು ಅದನ್ನು ಇಟ್ಟಿರುವ ಜಾಗದಲ್ಲಿ. ಯಾರ ಯಂತ್ರದಲ್ಲಿ ಏನಿದೆ ಎಂದು ರೆಪೊಸಿಟರಿಗೆ ಗೊತ್ತಾಗುವುದಿಲ್ಲ. ಹೊಸದಾಗಿ ತಂಡ ಸೇರಿದವರು ಇನ್‌ಸ್ಟಾಲರ್‌ನಲ್ಲಿ ಒತ್ತಿದ ಒಂದು ಗುಂಡಿಯ ಮೇಲೆ ಎಲ್ಲರ ಇತಿಹಾಸ ನಿಂತಿರುತ್ತದೆ.

ಇದರ ನೇರ ಪರಿಣಾಮ ಕಾಣುವುದು ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್‌ನಲ್ಲಿ. ಒಂದೇ ಫೋಲ್ಡರನ್ನು ವಿಂಡೋಸ್‌ನ ಗಿಟ್ ಮತ್ತು ಲಿನಕ್ಸ್‌ನ ಗಿಟ್ ಎರಡರಿಂದಲೂ ತೆರೆದರೆ ಎರಡಕ್ಕೂ ಬೇರೆ ಬೇರೆ ಕಾನ್ಫಿಗ್. ವಿಂಡೋಸ್ ಬದಿಯಲ್ಲಿ ಗಿಟ್ ಸ್ಟೇಟಸ್ ಶುಭ್ರ, ಲಿನಕ್ಸ್ ಬದಿಯಲ್ಲಿ ಪ್ರತಿಯೊಂದು ಫೈಲೂ ಬದಲಾಗಿದೆ ಎನ್ನುತ್ತದೆ. ಪ್ರೋಗ್ರಾಮುಗಳನ್ನು ಕಂಟೇನರ್ ಎಂಬ ಪೊಟ್ಟಣದೊಳಗೆ ಓಡಿಸುವ ಡಾಕರ್‌ನಲ್ಲೂ ಇದೇ ಪಾಡು. ವಿಂಡೋಸ್‌ನಲ್ಲಿ ಚೆಕ್‌ಔಟ್ ಆದ ಶೆಲ್ ಸ್ಕ್ರಿಪ್ಟ್ ಇಮೇಜಿನೊಳಗೆ ನಕಲಾಗುತ್ತದೆ, ಕಂಟೇನರ್ ಶುರುವಾಗುವಾಗ ಅಂಥ ಫೈಲೇ ಇಲ್ಲವೆಂಬ ದೋಷ ಬರುತ್ತದೆ. ಫೈಲ್ ಕಣ್ಣೆದುರಿಗೇ ಇರುತ್ತದೆ. ಇಲ್ಲದಿರುವುದು ಮೊದಲ ಸಾಲಿನಲ್ಲಿ ಹೆಸರಿಸಿದ ಇಂಟರ್‌ಪ್ರಿಟರ್: ಬ್ಯಾಶ್ ಎಂಬ ಹೆಸರಿನ ಬಾಲಕ್ಕೆ ಒಂದು ಸಿಆರ್ ಅಂಟಿಕೊಂಡಿರುವುದರಿಂದ ಕರ್ನಲ್ ಆ ಬಾಲಸಮೇತವಾದ ಹೆಸರನ್ನೇ ಹುಡುಕುತ್ತದೆ. ಪಾಸ್‌ವರ್ಡಿನಂಥ ಸೆಟ್ಟಿಂಗುಗಳನ್ನು ಇಟ್ಟಿರುವ, ಶೆಲ್ ಓದುವ .ಎನ್‌ವ್ ಫೈಲಿನಲ್ಲಾದರೆ ಪಾಸ್‌ವರ್ಡಿನ ಕೊನೆಗೆ ಕಾಣದ ಸಿಆರ್ ಸೇರಿ ಲಾಗಿನ್ ವಿಫಲವಾಗುತ್ತದೆ. ಕಾರಣ ಹುಡುಕುವುದು ಇನ್ನೂ ಕಷ್ಟ, ಏಕೆಂದರೆ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕ್ಯಾಟ್ -ಎ ಕೊಟ್ಟು ನೋಡಿದರೆ ಸಾಲಿನ ಕೊನೆಯಲ್ಲಿ ^ಎಂ ಕಾಣುತ್ತದೆ.

ಈಗ ಒಳ್ಳೆಯದರ ಕಡೆಗೆ. ರೆಪೊಸಿಟರಿಯ ಎಲ್ಲಕ್ಕಿಂತ ಹೊರಗಿನ ಫೋಲ್ಡರಿನಲ್ಲಿ .ಗಿಟ್‌ಆಟ್ರಿಬ್ಯೂಟ್ಸ್ ಇಟ್ಟರೆ ಅದರ ಮಾತು ಯಾರ ಆಟೋಸಿಆರ್‌ಎಲ್‌ಎಫ್ ಸೆಟ್ಟಿಂಗಿಗಿಂತಲೂ ಮೇಲು. ಹೆಚ್ಚಿನ ಪ್ರಾಜೆಕ್ಟುಗಳಿಗೆ ಇಷ್ಟು ಸಾಕು:

* ಟೆಕ್ಸ್ಟ್=ಆಟೋ ಇಓಎಲ್=ಎಲ್‌ಎಫ್
*.ಬ್ಯಾಟ್ ಟೆಕ್ಸ್ಟ್ ಇಓಎಲ್=ಸಿಆರ್‌ಎಲ್‌ಎಫ್
*.ಸಿಎಂಡಿ ಟೆಕ್ಸ್ಟ್ ಇಓಎಲ್=ಸಿಆರ್‌ಎಲ್‌ಎಫ್
*.ಪಿಎನ್‌ಜಿ ಬೈನರಿ
*.ಪಿಡಿಎಫ್ ಬೈನರಿ
*.ಪ್ಯಾಚ್ -ಟೆಕ್ಸ್ಟ್

ಇಓಎಲ್ ಎಂದರೆ ಸಾಲಿನ ಕೊನೆ; ಪದದ ಮುಂದಿರುವ - ಗುರುತು ಆ ನಿಯಮ ಬೇಡ ಎನ್ನುತ್ತದೆ. ಒಂದೇ ಫೈಲಿನೊಳಗೆ ಕೆಳಗಿನ ಸಾಲು ಮೇಲಿನದನ್ನು ಮೀರಿಸುತ್ತದೆ. ಆದ್ದರಿಂದ ನಕ್ಷತ್ರದ ಸಾಲು ಮೊದಲು ಬರಲೇಬೇಕು. ಕೊನೆಗಿಟ್ಟರೆ ಅದು ಬ್ಯಾಚ್ ಫೈಲುಗಳನ್ನೂ ಎಲ್‌ಎಫ್ ಮಾಡಿಬಿಡುತ್ತದೆ. ಒಳಗಿನ ಫೋಲ್ಡರಿನ ಆಟ್ರಿಬ್ಯೂಟ್ಸ್ ಹೊರಗಿನದನ್ನು ಮೀರಿಸುತ್ತದೆ. ನಿಮ್ಮ ಯಂತ್ರಕ್ಕೆ ಮಾತ್ರ ಬೇಕಾದದ್ದನ್ನು .ಗಿಟ್/ಇನ್ಫೋ/ಆಟ್ರಿಬ್ಯೂಟ್ಸ್‌ನಲ್ಲಿ ಬರೆಯಬಹುದು. ಎಲ್ಲಕ್ಕಿಂತ ಹೆಚ್ಚಿನ ಅಧಿಕಾರ ಅದರದು.

ಮೊದಲ ಸಾಲಿನ ಇಓಎಲ್=ಎಲ್‌ಎಫ್ ಭಾಗವನ್ನು ಹಲವರು ಬಿಡುತ್ತಾರೆ, ಬಿಟ್ಟರೂ ರೆಪೊಸಿಟರಿಯೊಳಗೆ ಎಲ್‌ಎಫ್ ಇರುತ್ತದೆ. ಆದರೆ ಆಗ ವರ್ಕಿಂಗ್ ಟ್ರೀಯಲ್ಲಿ (ಡಿಸ್ಕಿಗೆ ಇಳಿದ ಫೈಲುಗಳಲ್ಲಿ) ಏನಿರಬೇಕೆಂಬುದು ಮತ್ತೆ ಯಂತ್ರದ ಪಾಲಾಗುತ್ತದೆ. ವಿಂಡೋಸ್‌ನಲ್ಲಿ ಆಟೋಸಿಆರ್‌ಎಲ್‌ಎಫ್ ಫಾಲ್ಸ್ ಇದ್ದರೂ ಟೆಕ್ಸ್ಟ್=ಆಟೋ ಇರುವ ಫೈಲ್ ಸಿಆರ್‌ಎಲ್‌ಎಫ್ ಆಗಿಯೇ ಇಳಿಯುತ್ತದೆ, ಏಕೆಂದರೆ ಕೋರ್.ಇಓಎಲ್‌ನ ಮೂಲ ಬೆಲೆ ನೇಟಿವ್. ಫಾಲ್ಸ್ ಎಂದರೆ ಏನೂ ಆಗುವುದಿಲ್ಲ ಎಂದುಕೊಂಡವರು ಎಡವುವುದು ಇಲ್ಲೇ. ಕೋಡಿನ ವಿನ್ಯಾಸ ಸರಿಪಡಿಸುವ ಪ್ರೆಟಿಯರ್ ಟೂಲ್ ಬಳಸುವ ಪ್ರಾಜೆಕ್ಟಿನಲ್ಲಿ ಇದು ಇನ್ನೂ ನೋಯಿಸುತ್ತದೆ: 2020ರ 2.0 ಆವೃತ್ತಿಯಿಂದ ಅದರ ಮೂಲ ನಿಯಮ ಎಲ್‌ಎಫ್, ಹಾಗಾಗಿ ವಿಂಡೋಸ್‌ನಲ್ಲಿ ಇಳಿದ ಪ್ರತಿ ಸಾಲಿಗೂ ಒಂದೊಂದು ದೋಷ. ಎಲ್ಲೆಡೆ ಎಲ್‌ಎಫ್ ಇಡಲು ಈಗ ಅಡ್ಡಿಯೂ ಉಳಿದಿಲ್ಲ. ನೋಟ್‌ಪ್ಯಾಡ್ ಕೂಡ ವಿಂಡೋಸ್ 10ರ 1809 ಆವೃತ್ತಿಯಿಂದ ಎಲ್‌ಎಫ್ ಫೈಲನ್ನು ಸರಿಯಾಗಿ ತೋರಿಸುತ್ತದೆ.

ಬ್ಯಾಚ್ ಫೈಲಿಗೆ ಮಾತ್ರ ವಿನಾಯಿತಿ ಕೊಡಲೇಬೇಕು. ಎಲ್‌ಎಫ್ ಮಾತ್ರ ಇರುವ ಬ್ಯಾಚ್ ಫೈಲಿನಲ್ಲಿ ಗೋಟು ಮತ್ತು ಕಾಲ್ ಆದೇಶಗಳಿಗೆ ಲೇಬಲ್ ಕೆಲವೊಮ್ಮೆ ಸಿಕ್ಕುವುದೇ ಇಲ್ಲ. ಅದು ಲೇಬಲ್ ಫೈಲಿನ ಯಾವ ಜಾಗದಲ್ಲಿ ಬಿದ್ದಿದೆ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಸಂಬಂಧವೇ ಇಲ್ಲದ ಒಂದು ಸಾಲು ಸೇರಿಸಿದೊಡನೆ ದೋಷ ಮಾಯವಾಗಬಹುದು, ಇನ್ನೊಂದು ಸೇರಿಸಿದಾಗ ಮರಳಿ ಬರಬಹುದು.

ಟೆಕ್ಸ್ಟ್=ಆಟೋ ಬೈನರಿಯನ್ನು ಹೇಗೆ ಗುರುತಿಸುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. ಫೈಲಿನಲ್ಲಿ ಒಂದು ಶೂನ್ಯ ಬೈಟ್ ಇದ್ದರೆ ಬೈನರಿ. ಎಲ್‌ಎಫ್ ಜೊತೆಗಿಲ್ಲದ ಒಂಟಿ ಸಿಆರ್ ಒಂದೇ ಒಂದು ಇದ್ದರೂ ಬೈನರಿ. ಅಚ್ಚಾಗುವ ಅಕ್ಷರಗಳ 128ನೇ ಒಂದು ಪಾಲಿಗಿಂತ ಅಚ್ಚಾಗದವು ಹೆಚ್ಚಿದ್ದರೂ ಬೈನರಿ. ಎರಡನೆಯ ನಿಯಮ ಅನೇಕರನ್ನು ಕಂಗೆಡಿಸುತ್ತದೆ: ಎಲ್ಲ ಫೈಲೂ ಎಲ್‌ಎಫ್ ಆದರೂ ಒಂದು ಫೈಲ್ ಮಾತ್ರ ಸಿಆರ್‌ಎಲ್‌ಎಫ್ ಆಗಿಯೇ ಉಳಿದರೆ, ಅದರೊಳಗೆ ಎಲ್ಲೋ ಒಂಟಿ ಸಿಆರ್ ಅಡಗಿದೆಯೇ ನೋಡಿ. ಈ ಊಹೆ ಬಹುಮಟ್ಟಿಗೆ ನಂಬಿಕೆಗೆ ಯೋಗ್ಯ. ಆದರೂ ಚಿತ್ರ, ಫಾಂಟ್, ಆರ್ಕೈವ್‌ಗಳಿಗೆ ಬೈನರಿ ಎಂದು ಬರೆದಿಡುವುದೇ ಲೇಸು. ಆ ಒಂದು ಪದ -ಡಿಫ್, -ಮರ್ಜ್, -ಟೆಕ್ಸ್ಟ್ ಮೂರನ್ನೂ ಒಟ್ಟಿಗೆ ಹಾಕುತ್ತದೆ. ಪಿಎನ್‌ಜಿ ರೂಪಿಸಿದವರಂತೂ ಈ ಅಪಾಯವನ್ನು ಮೊದಲೇ ಊಹಿಸಿದ್ದರು: ಅದರ ಮೊದಲ 8 ಬೈಟುಗಳು 137 80 78 71 13 10 26 10. ನಡುವಿನ 13 10 ಜೋಡಿ ಕುಗ್ಗಿದರೂ, ಕೊನೆಯ 10 ಹಿಗ್ಗಿದರೂ, ಫೈಲ್ ಕೆಟ್ಟಿದೆ ಎಂದು ತೆರೆದೊಡನೆ ತಿಳಿಯುತ್ತದೆ. ಇಷ್ಟು ಮುಂದಾಲೋಚನೆ ಎಲ್ಲ ಫಾರ್ಮ್ಯಾಟುಗಳಿಗಿಲ್ಲ.

ಅಕ್ಷರಗಳನ್ನು ಎರಡೆರಡು ಬೈಟುಗಳಲ್ಲಿ ಬರೆಯುವ ಯುಟಿಎಫ್-16 ಫೈಲುಗಳಲ್ಲಿ ತುಂಬ ಜಾಗ್ರತೆ ಬೇಕು. ಅವುಗಳಲ್ಲಿ ಶೂನ್ಯ ಬೈಟ್ ಇರುವುದರಿಂದ ಆಟೋ ಅವನ್ನು ಬೈನರಿಯೆಂದು ಬಿಟ್ಟುಬಿಡುತ್ತದೆ, ಅದು ಸುರಕ್ಷಿತ. ಡಿಫ್ ಕಾಣಲೆಂದು ಅವಕ್ಕೆ ಟೆಕ್ಸ್ಟ್ ಇಓಎಲ್=ಸಿಆರ್‌ಎಲ್‌ಎಫ್ ಎಂದು ಬಲವಂತ ಮಾಡಿದರೆ, ಚೆಕ್‌ಔಟ್‌ನಲ್ಲಿ ಪ್ರತಿ 10ರ ಹಿಂದೆಯೂ ಒಂಟಿ 13 ತೂರಿಕೊಳ್ಳುತ್ತದೆ. ಎರಡೆರಡು ಬೈಟಿನ ಲೆಕ್ಕ ತಪ್ಪಿ ಒಂದು ಸಾಲು ಬಿಟ್ಟು ಒಂದು ಸಾಲು ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ಗಿಟ್ 2.18ರಲ್ಲಿ ಬಂದ ವರ್ಕಿಂಗ್-ಟ್ರೀ-ಎನ್‌ಕೋಡಿಂಗ್ ಎಂಬ ಆಟ್ರಿಬ್ಯೂಟ್ ಇದಕ್ಕೆ ಸರಿಯಾದ ಮದ್ದು. ಸಾಧ್ಯವಿದ್ದರೆ ಫೈಲನ್ನೇ ಯುಟಿಎಫ್-8 ಮಾಡುವುದು ಅದಕ್ಕಿಂತ ಉತ್ತಮ.

ಹಳೆಯ ರೆಪೊಸಿಟರಿಗೆ ಇದನ್ನು ತರುವಾಗ ಗಿಟ್ ತಾನಾಗಿ ಏನೂ ಮಾಡುವುದಿಲ್ಲ. ಆಗಲೇ ಸಿಆರ್‌ಎಲ್‌ಎಫ್ ಆಗಿ ಒಳಗಿರುವ ಫೈಲನ್ನು ಟೆಕ್ಸ್ಟ್=ಆಟೋ ಮುಟ್ಟದೆ ಬಿಡುತ್ತದೆ. ಒಂದು ಸಾಲು ತಿದ್ದಿದ್ದಕ್ಕೆ ಇಡೀ ಫೈಲ್ ಬದಲಾಗಬಾರದೆಂಬ ಎಚ್ಚರಿಕೆ ಅದು. ಆದ್ದರಿಂದ ಎಲ್ಲ ಫೈಲುಗಳನ್ನೂ ಒಮ್ಮೆ ಬೇಕೆಂದೇ ಪರಿವರ್ತಿಸಬೇಕು. ಬಾಕಿ ಬ್ರಾಂಚುಗಳು (ಕೆಲಸದ ಬೇರೆ ಬೇರೆ ಕವಲುಗಳು) ಆದಷ್ಟು ಮರ್ಜ್ ಆಗಿರುವ ಹೊತ್ತು ನೋಡಿ, ಶುಭ್ರವಾದ ವರ್ಕಿಂಗ್ ಟ್ರೀಯಲ್ಲಿ ಆಟ್ರಿಬ್ಯೂಟ್ಸ್ ಫೈಲ್ ಬರೆದು ಆಡ್ ಮಾಡಿ, ಬಳಿಕ «ಗಿಟ್ ಆಡ್ --ರಿನಾರ್ಮಲೈಜ್ .» ಕೊಡಿ. 2.16ರಲ್ಲಿ ಬಂದ ಆಯ್ಕೆಯಿದು. ಗಿಟ್ ಸ್ಟೇಟಸ್ ನೋಡಿ. ಪಟ್ಟಿಯಲ್ಲಿ ಚಿತ್ರವೋ ಜಿಪ್ಪೋ ಕಂಡರೆ ನಿಲ್ಲಿಸಿ, ಅದಕ್ಕೆ ಬೈನರಿ ಎಂದು ಬರೆದು ಮತ್ತೆ ಮಾಡಿ. «ಗಿಟ್ ಡಿಫ್ --ಕ್ಯಾಶ್ಡ್ --ಇಗ್ನೋರ್-ಸಿಆರ್-ಅಟ್-ಇಓಎಲ್» ಕೊಟ್ಟಾಗ ಆಟ್ರಿಬ್ಯೂಟ್ಸ್ ಫೈಲಿನ ಹೊರತು ಬೇರೆ ಸಾಲುಗಳು ಬದಲಾದಂತೆ ಕಾಣಬಾರದು. ಈ ಕಮಿಟ್‌ಗೆ ಬೇರೆ ಯಾವ ತಿದ್ದುಪಡಿಯನ್ನೂ ಬೆರೆಸಬೇಡಿ. ಅದರ ಹ್ಯಾಶನ್ನು (ಗಿಟ್ ಕೊಡುವ ಗುರುತು) .ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್ ಎಂಬ ಫೈಲಿನಲ್ಲಿ ಬರೆದು, ಬ್ಲೇಮ್.ಇಗ್ನೋರ್‌ರೆವ್ಸ್‌ಫೈಲ್ ಸೆಟ್ಟಿಂಗಿಗೆ ಅದನ್ನು ತೋರಿಸಿ. 2.23ರಿಂದ ಬ್ಲೇಮ್ ಆ ಕಮಿಟನ್ನು ದಾಟಿ ನಿಜವಾದ ಲೇಖಕರನ್ನೇ ತೋರಿಸುತ್ತದೆ. ಹಳೆಯ ಬ್ರಾಂಚುಗಳನ್ನು ಸೇರಿಸುವಾಗ «ಗಿಟ್ ಮರ್ಜ್ -ಎಕ್ಸ್ ರಿನಾರ್ಮಲೈಜ್» ಬಳಸಿದರೆ ಸುಳ್ಳು ಕಾನ್‌ಫ್ಲಿಕ್ಟುಗಳು ಬಹಳ ಕಡಿಮೆಯಾಗುತ್ತವೆ.

ಇಲ್ಲಿಗೆ ಅರ್ಧ ಮಾತ್ರ ಮುಗಿಯಿತು, ಉಳಿದರ್ಧವನ್ನು ಯಾರೂ ಹೇಳುವುದಿಲ್ಲವೆಂಬುದೇ ನನ್ನ ದೊಡ್ಡ ತಕರಾರು. ಉಳಿದವರು ಪುಲ್ ಮಾಡಿದಾಗ, ರೆಪೊಸಿಟರಿಯಲ್ಲಿ ಮೊದಲಿಂದಲೂ ಎಲ್‌ಎಫ್ ಇದ್ದ ಫೈಲುಗಳನ್ನು ಗಿಟ್ ಮತ್ತೆ ಬರೆಯುವುದಿಲ್ಲ. ಅದರ ಲೆಕ್ಕಕ್ಕೆ ಅವು ಬದಲಾಗಿಲ್ಲ. ಹೀಗಾಗಿ ವಿಂಡೋಸ್‌ನವರ ಡಿಸ್ಕಿನಲ್ಲಿ ಹಳೆಯ ಸಿಆರ್‌ಎಲ್‌ಎಫ್ ಪ್ರತಿಗಳೇ ಉಳಿಯುತ್ತವೆ, ನಿಯಮ ಹಾಕಿದರೂ ಕೆಲಸ ಮಾಡಲಿಲ್ಲ ಎಂಬ ದೂರು ಬರುತ್ತದೆ. ಅವರು ತಮ್ಮ ಕೆಲಸವನ್ನೆಲ್ಲ ಕಮಿಟ್ ಮಾಡಿ ಅಥವಾ ಸ್ಟ್ಯಾಶ್‌ನಲ್ಲಿ (ತಾತ್ಕಾಲಿಕವಾಗಿ ಎತ್ತಿಡುವ ಜಾಗ) ಇಟ್ಟು, «ಗಿಟ್ ಆರ್‌ಎಂ -ಆರ್ --ಕ್ಯಾಶ್ಡ್ .» ಮತ್ತು «ಗಿಟ್ ರೀಸೆಟ್ --ಹಾರ್ಡ್» ಇವೆರಡನ್ನೂ ಒಂದರ ಹಿಂದೊಂದು ಕೊಡಬೇಕು. ಎರಡನೆಯದು ಕಮಿಟ್ ಆಗದ ತಿದ್ದುಪಡಿಗಳನ್ನು ಅಳಿಸಿಹಾಕುತ್ತದೆ, ಹಾಗಾಗಿ ಮೊದಲು ಸ್ಟೇಟಸ್ ನೋಡದೆ ಕೈ ಹಾಕಬೇಡಿ.

ಅನುಮಾನ ಬಂದಾಗ ಬಳಸಬೇಕಾದದ್ದು «ಗಿಟ್ ಎಲ್‌ಎಸ್-ಫೈಲ್ಸ್ --ಇಓಎಲ್». ಈ ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಆದೇಶ ಇದು. ಪ್ರತಿ ಫೈಲಿಗೂ ಮೂರು ಸಂಗತಿ ಒಂದೇ ಸಾಲಿನಲ್ಲಿ ಸಿಗುತ್ತವೆ: ಐ/ ಎಂದರೆ ಇಂಡೆಕ್ಸಿನಲ್ಲಿ (ಆಡ್ ಮಾಡಿದ್ದು ಕೂರುವ ಜಾಗ) ಏನಿದೆ, ಡಬ್ಲ್ಯು/ ಎಂದರೆ ಡಿಸ್ಕಿನಲ್ಲಿ ಏನಿದೆ, ಆಟ್ರ್/ ಎಂದರೆ ಯಾವ ನಿಯಮ ಹತ್ತಿದೆ. ಐ/ಮಿಕ್ಸ್ಡ್ ಎಂದು ಬಂದರೆ ಒಂದೇ ಫೈಲಿನಲ್ಲಿ ಎರಡೂ ಬಗೆ ಸೇರಿವೆ. ಐ/-ಟೆಕ್ಸ್ಟ್ ಎಂದರೆ ಗಿಟ್ ಅದನ್ನು ಬೈನರಿ ಎಂದು ಎಣಿಸಿದೆ. ಇದಕ್ಕೆ ಹೋಲಿಸಿದರೆ, ಎಲ್‌ಎಫ್ ಜಾಗದಲ್ಲಿ ಸಿಆರ್‌ಎಲ್‌ಎಫ್ ಬರಲಿದೆ ಎಂದು ಗಿಟ್ ಆಡ್ ಮುದ್ರಿಸುವ ಎಚ್ಚರಿಕೆ ಸಾಲುಗಳು ಯಾರಿಗೂ ಅರ್ಥವಾಗುವುದಿಲ್ಲ. ನೂರು ಫೈಲಿಗೆ ನೂರು ಸಾಲು ಬಂದಾಗ ಜನ ಅದನ್ನು ಓದುವುದನ್ನೇ ಬಿಡುತ್ತಾರೆ.

ಬೇರೆ ವ್ಯವಸ್ಥೆಗಳಲ್ಲೂ ಇದಕ್ಕೆ ಉತ್ತರಗಳಿವೆ. ಸಬ್‌ವರ್ಶನ್ ಫೈಲಿಗೊಂದು ಎಸ್‌ವಿಎನ್:ಇಓಎಲ್-ಸ್ಟೈಲ್ ಗುಣ ಕೊಡುತ್ತದೆ, ಅದು ಇರುವ ಫೈಲಿನಲ್ಲಿ ಎರಡೂ ಬಗೆ ಬೆರೆತಿದ್ದರೆ ಕಮಿಟನ್ನೇ ನಿರಾಕರಿಸುತ್ತದೆ. ಆ ಖಡಾಖಂಡಿತನ ಗಿಟ್‌ಗೆ ಮೂಲದಲ್ಲಿಲ್ಲ, ಬೇಕಾದರೆ ಕೋರ್.ಸೇಫ್‌ಸಿಆರ್‌ಎಲ್‌ಎಫ್ ಅನ್ನು ಟ್ರೂ ಮಾಡಿಕೊಳ್ಳಬೇಕು. ಮರ್ಕ್ಯುರಿಯಲ್‌ನ ಇಓಎಲ್ ಎಕ್ಸ್‌ಟೆನ್ಶನ್ .ಎಚ್‌ಜಿಇಓಎಲ್ ಫೈಲ್ ಓದುತ್ತದೆ, ಆದರೆ ಎಕ್ಸ್‌ಟೆನ್ಶನನ್ನು ಪ್ರತಿಯೊಬ್ಬರೂ ತಾವೇ ಚಾಲೂ ಮಾಡಿಕೊಳ್ಳಬೇಕು. ಪರ್ಫೋರ್ಸ್‌ನಲ್ಲಿ ಇದು ವರ್ಕ್‌ಸ್ಪೇಸಿನ ಲೈನ್‌ಎಂಡ್ ಎಂಬ ಖಾನೆಯಲ್ಲಿದೆ, ಅಂದರೆ ಮತ್ತೆ ವ್ಯಕ್ತಿಗೊಂದು ನಿಯಮ. ಎಡಿಟರ್‌ಕಾನ್ಫಿಗ್‌ನ ಎಂಡ್_ಆಫ್_ಲೈನ್ ಇವುಗಳ ಸಾಲಿಗೆ ಸೇರುವುದಿಲ್ಲ. ಅದು ಎಡಿಟರ್ ಉಳಿಸುವಾಗ ಮಾತ್ರ ಕೆಲಸ ಮಾಡುತ್ತದೆ, ವಿಎಸ್ ಕೋಡ್‌ನಲ್ಲಿ ಅದಕ್ಕೊಂದು ಎಕ್ಸ್‌ಟೆನ್ಶನ್ ಬೇಕು. ಆಟ್ರಿಬ್ಯೂಟ್ಸ್ ಜೊತೆಗೆ ಅದೂ ಇರಲಿ, ಆದರೆ ಎರಡರಲ್ಲೂ ಒಂದೇ ನಿಯಮ ಇರಬೇಕು.

ಪರಿವರ್ತನೆ ನಡೆಯುವುದು ಬಳಕೆದಾರರ ಯಂತ್ರದಲ್ಲಿ, ಆಡ್ ಮತ್ತು ಚೆಕ್‌ಔಟ್ ವೇಳೆಯಲ್ಲಿ. ಪುಶ್ ಪಡೆಯುವ ಸರ್ವರ್ ಏನನ್ನೂ ತಿದ್ದುವುದಿಲ್ಲ. ಆಡ್ ಹಂತವನ್ನೇ ಬಳಸದೆ ನೇರ ಕಮಿಟ್ ಕಟ್ಟುವ ಟೂಲೊಂದು ಟೆಕ್ಸ್ಟ್ ಎಂದು ಗುರುತಿಸಿದ ಫೈಲಿಗೆ ಸಿಆರ್‌ಎಲ್‌ಎಫ್ ತುಂಬಿದರೆ, ಆಮೇಲೆ ಕ್ಲೋನ್ ಮಾಡಿದವರಿಗೆಲ್ಲ ಏನನ್ನೂ ಮುಟ್ಟುವ ಮೊದಲೇ ಆ ಫೈಲ್ ಬದಲಾಗಿದೆ ಎಂದು ಕಾಣುತ್ತದೆ. ರೀಸೆಟ್ ಕೊಟ್ಟರೂ ಅದು ಹೋಗುವುದಿಲ್ಲ. ಕೋಡ್ ಬಂದಾಗಲೆಲ್ಲ ತಾನಾಗಿ ಪರೀಕ್ಷಿಸುವ ಸಿಐನಲ್ಲಿ ಎರಡು ಆದೇಶ ಸೇರಿಸಿದರೆ ಇದು ಬಾಗಿಲಲ್ಲೇ ಸಿಕ್ಕಿಬೀಳುತ್ತದೆ: «ಗಿಟ್ ಆಡ್ --ರಿನಾರ್ಮಲೈಜ್ .», ಅದಾದ ಮೇಲೆ «ಗಿಟ್ ಡಿಫ್ --ಕ್ಯಾಶ್ಡ್ --ಎಕ್ಸಿಟ್-ಕೋಡ್». ಎಲ್ಲ ಸರಿಯಿದ್ದರೆ ಎರಡನೆಯದು 0 ಮರಳಿಸುತ್ತದೆ, ನಿಯಮಕ್ಕೆ ಹೊಂದದ ಒಂದು ಫೈಲ್ ಇದ್ದರೂ 1 ಮರಳಿಸಿ ಬಿಲ್ಡನ್ನು ನಿಲ್ಲಿಸುತ್ತದೆ.